ಡೀಪಿ ಹತ್ತುವ ಹುಡುಗನಿಗೆ ಐಟಿಐ ದಾರಿ ದೂರವೇ?

ಜತ್ತ: ಸಂಜೆ ಗಾಳಿ ಬೀಸಿ ಊರ ಹೊರಗಿನ ಡೀಪಿಯಲ್ಲಿ ಫ್ಯೂಜ್ ಹಾರಿತೆಂದರೆ ತಾಲೂಕಿನ ಪೂರ್ವಭಾಗದ ಎಷ್ಟೋ ಹಳ್ಳಿಗಳಲ್ಲಿ ಮೊದಲ ಫೋನು ಹೋಗುವುದು ವಾಯರಮನ್‌ಗೆ ಅಲ್ಲ, ಊರಲ್ಲೇ ಇರುವ ಹದಿನೆಂಟು-ಇಪ್ಪತ್ತರ ಹುಡುಗನಿಗೆ. 'ಏ ತಮ್ಮಾ, ಲಗೂನ ಬಾರೋ, ಗಿರಣಿ ನಿಂತೈತಿ' ಅಂದರೆ ಸಾಕು. ಆತ ಬೈಕ್ ಮೇಲೆ ಬರುತ್ತಾನೆ, ಒಂದು ಕೈಯಲ್ಲಿ ಪಕ್ಕಡ್, ಇನ್ನೊಂದು ಕೈಯಲ್ಲಿ ಬಿದಿರ ಗಳ. ಕಾಲಲ್ಲಿ ಚಪ್ಪಲಿ. ಹತ್ತು ನಿಮಿಷದಲ್ಲಿ ಊರಿಗೆ ಬೆಳಕು ಬರುತ್ತದೆ. ಎಲ್ಲರೂ ಶಾಭಾಷ್ ಅನ್ನುತ್ತಾರೆ, ಯಾರೋ ಚಹಾ ಕುಡಿಸುತ್ತಾರೆ, ಮತ್ತ್ಯಾರೋ ಕಿಸೆಯಲ್ಲಿ ನೋಟು ತುರುಕುತ್ತಾರೆ.

ಈ ಹುಡುಗನಿಗೆ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಹೆಸರಿದೆ: 'ಝೀರೊ ವಾಯರಮನ್'. ಹೆಸರೇ ಎಲ್ಲವನ್ನೂ ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಝೀರೊ, ಪಗಾರ ಝೀರೊ, ವಿಮೆ ಝೀರೊ. ಒಬ್ಬನೇ ಇರುವ ವಾಯರಮನ್ ಹತ್ತಾರು ಕಿ.ಮೀ. ಲೈನ್ ನೋಡಿಕೊಳ್ಳಬೇಕು, ಬಿಲ್ ವಸೂಲಿಗೂ ತಿರುಗಬೇಕು. ಆತ ಪರ ಊರಲ್ಲಿದ್ದಾಗ ಈ ಹುಡುಗನೇ ಆಧಾರ. ಕೆಲಸ ಮಾತ್ರ ನಿಜವಾದದ್ದು, ಅಪಾಯವೂ ನಿಜವಾದದ್ದು. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳೇ ಹೇಳುತ್ತವೆ. ನೌಕರ ಸತ್ತರೆ ಪರಿಹಾರದ ಕಾನೂನು ಇದೆ, ಕಚೇರಿ ಇದೆ, ಸಂಘ ಇದೆ. ಝೀರೊ ವಾಯರಮನ್ ಸತ್ತರೆ ಪಂಚನಾಮೆಯಲ್ಲಿ ಬರುವ ಮಾತು ಒಂದೇ: 'ತಾನಾಗಿಯೇ ಕಂಬ ಹತ್ತಿದ.'

ಪ್ರಶ್ನೆ ಇಷ್ಟೇ. ಕಂಬ ಹತ್ತುವ ಧೈರ್ಯ, ಕೈಚಳಕ, ಲೈನಿನ ತಿಳಿವಳಿಕೆ ಮೂರೂ ಇರುವ ಈ ಗಡಿಭಾಗದ ಕನ್ನಡ ಹುಡುಗ ಅದೇ ಕೆಲಸವನ್ನು ಪಗಾರದ ಮೇಲೆ, ಹೆಲ್ಮೆಟ್ ಹಾಕಿಕೊಂಡು ಮಾಡುವಂತಾಗಲು ಏನು ಬೇಕು? ದಾರಿ ಇದೆ. ಆದರೆ ಆ ದಾರಿಯಲ್ಲಿ ಎಲ್ಲಿ ಎಡವುತ್ತಾರೆ ಎಂಬುದನ್ನು ನೋಡಿದರೆ ಧೈರ್ಯ ಕಡಿಮೆಯಾಗಿ ಎಡವಿದವರು ಸಿಗುವುದು ಅಪರೂಪ. ಕಾಗದದಲ್ಲಿ, ಭಾಷೆಯಲ್ಲಿ, ಕಾಲದ ಲೆಕ್ಕದಲ್ಲಿ ಎಡವಿದವರೇ ಹೆಚ್ಚು.

ಟ್ರೇಡ್ ತಪ್ಪಿದರೆ ಗಾಡಿ ತಪ್ಪಿತು

ಮಹಾರಾಷ್ಟ್ರದ ವಿದ್ಯುತ್ ಮಂಡಳಿ 2005ರಲ್ಲಿ ಒಡೆದು ಉತ್ಪಾದನೆ, ಪ್ರಸರಣ, ವಿತರಣೆಗೆ ಬೇರೆ ಬೇರೆ ಕಂಪನಿಗಳಾದವು. ಹಳ್ಳಿ ಮಂದಿ ಇನ್ನೂ 'ಬೋರ್ಡು' ಎಂದೇ ಕರೆಯುವ ಕಂಪನಿ ಮಹಾವಿತರಣ. ಅಲ್ಲಿ ಲೈನ್ ಕೆಲಸಕ್ಕೆ ಸೇರುವ ಬಾಗಿಲಿನ ಹೆಸರು 'ವಿದ್ಯುತ್ ಸಹಾಯಕ'. 2019ರಲ್ಲಿ 5,000 ಹುದ್ದೆಗಳಿಗೆ, ಮತ್ತೆ 2023ರ ಕೊನೆಗೆ 5,347 ಹುದ್ದೆಗಳಿಗೆ ಜಾಹೀರಾತು ಬಂತು. 2023ರ ಜಾಹೀರಾತು ಕೇಳಿದ್ದು ಹತ್ತನೆಯ ತರಗತಿ ಪಾಸು, ಅದರ ಮೇಲೆ ಇಲೆಕ್ಟ್ರಿಶಿಯನ್ ಅಥವಾ ವಾಯರಮನ್ ಟ್ರೇಡಿನಲ್ಲಿ ಎರಡು ವರ್ಷದ ಐಟಿಐ ಪ್ರಮಾಣಪತ್ರ ಅಥವಾ ಅದಕ್ಕೆ ಸಮನಾದ ಡಿಪ್ಲೊಮಾ. ವಯಸ್ಸು 18ರಿಂದ 27, ಹಿಂದುಳಿದ ವರ್ಗದವರಿಗೆ ಸಡಿಲಿಕೆ.

ಮೊದಲ ಎಡವು ಇಲ್ಲೇ. ಐಟಿಐ ಪ್ರವೇಶ ಹತ್ತನೆಯ ತರಗತಿಯ ಅಂಕದ ಮೇಲೆ, ಆನ್‌ಲೈನ್ ಅರ್ಜಿಯಲ್ಲಿ, ಸುತ್ತು ಸುತ್ತಾಗಿ ನಡೆಯುತ್ತದೆ. ಎಲ್ಲ ಊರಲ್ಲೂ ಇಲೆಕ್ಟ್ರಿಶಿಯನ್ ಟ್ರೇಡಿಗೇ ನೂಕುನುಗ್ಗಲು. ಮೊದಲ ಸುತ್ತಿನಲ್ಲಿ ಅದು ಸಿಗದಿದ್ದರೆ ಹುಡುಗ 'ಯಾವುದಾದ್ರೂ ಇರ್ಲಿ ಬಿಡು' ಎಂದು ಫಿಟ್ಟರ್ ಅಥವಾ ಡೀಸೆಲ್ ಮೆಕ್ಯಾನಿಕ್‌ಗೆ ಸೇರಿಬಿಡುತ್ತಾನೆ. ಕೋರ್ಸು ಮುಗಿದ ಮೇಲೆ ಪ್ರಮಾಣಪತ್ರ ಕೈಯಲ್ಲಿರುತ್ತದೆ, ಆದರೆ ಆ ಕಾಗದದ ಮೇಲೆ ವಿದ್ಯುತ್ ಸಹಾಯಕನ ಅರ್ಜಿ ತುಂಬಲು ಬರುವುದಿಲ್ಲ. ಖಾಸಗಿಯಾಗಿ ಮೂರು ತಿಂಗಳು, ಆರು ತಿಂಗಳ 'ವಾಯರಿಂಗ್ ಕೋರ್ಸ್' ಮಾಡಿದವರ ಗತಿಯೂ ಅದೇ. ಮನೆ ವಾಯರಿಂಗ್‌ಗೆ ಅದು ಉಪಯೋಗಕ್ಕೆ ಬಂದೀತು, ಭರತಿಗೆ ಬರುವುದಿಲ್ಲ.

ವಾಯರಮನ್ ಟ್ರೇಡನ್ನು ನಮ್ಮ ಪಾಲಕರು ಕಡೆಗಣಿಸುತ್ತಾರೆ, ಹೆಸರು ಸಣ್ಣದು ಅನಿಸುತ್ತದೆ. ಎಂಟನೆಯ ತರಗತಿ ಪಾಸಾದವರಿಗೂ ಆ ಟ್ರೇಡಿನ ಬಾಗಿಲು ತೆರೆದಿದೆ. ಎರಡೇ ವರ್ಷದ ಕೋರ್ಸು. ಭರತಿಯಲ್ಲಿ ಇಲೆಕ್ಟ್ರಿಶಿಯನ್ ಎಷ್ಟೋ ವಾಯರಮನ್ ಅಷ್ಟೇ. ಹತ್ತನೆಯ ತರಗತಿಯಲ್ಲಿ ಅಂಕ ಕಡಿಮೆ ಬಿದ್ದವನಿಗೆ ಇದಕ್ಕಿಂತ ಸೀದಾ ದಾರಿ ಇಲ್ಲ. ಎಂಟಕ್ಕೇ ಶಾಲೆ ಬಿಡಿಸಿ ಐಟಿಐಗೆ ಹಾಕುವ ಅವಸರ ಮಾತ್ರ ಬೇಡ. ಹತ್ತನೆಯ ಮಾರ್ಕ್ಸ್‌ಕಾರ್ಡ್ ಇಲ್ಲದೆ ಕಂಪನಿಯ ಅರ್ಜಿ ಮುಂದೆ ಹೋಗುವುದಿಲ್ಲ.

ಕನ್ನಡ ಶಾಲೆಯಿಂದ ಮರಾಠಿ ವರ್ಕ್‌ಶಾಪಿಗೆ

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದಲ್ಲಿ ಮಕ್ಕಳು ಕನ್ನಡ ಮಾಧ್ಯಮದಲ್ಲೇ ಹತ್ತನೆಯ ತರಗತಿ ಮುಗಿಸಬಹುದು. ಬಾಲಭಾರತಿಯ ಪಠ್ಯಪುಸ್ತಕ ಕನ್ನಡದಲ್ಲಿದೆ, ಬೋರ್ಡಿನ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಬರುತ್ತದೆ. ಐಟಿಐಗೆ ಕಾಲಿಟ್ಟ ದಿನ ಅದು ನಿಂತುಹೋಗುತ್ತದೆ. ಪಾಠ ಮರಾಠಿಯಲ್ಲಿ, ಪುಸ್ತಕದ ಶಬ್ದ ಇಂಗ್ಲಿಷಿನಲ್ಲಿ.

ಮೇಲ್ನೋಟಕ್ಕೆ ಕಂಡಷ್ಟು ಇದು ಕಷ್ಟವಲ್ಲ. ಕನ್ನಡ ವಿಜ್ಞಾನ ಪುಸ್ತಕದ ವಿಭವಾಂತರ ಮರಾಠಿಯಲ್ಲೂ ವಿಭವಾಂತರವೇ, ರೋಧ ರೋಧವೇ. ವರ್ಕ್‌ಶಾಪಿನ ಮಾತು ಎರಡೂ ಕಡೆ ಇಂಗ್ಲಿಷೇ: ಜಂಪರ್, ಇನ್ಸುಲೇಟರ್, ಸ್ಟೇ, ಅರ್ಥಿಂಗ್. ತೊಡಕಾಗುವುದು ನಡುವಿನ ಮಾತುಗಳಲ್ಲಿ. ಮರಾಠಿ ಪುಸ್ತಕದಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ರೋಹಿತ್ರ, ಫೀಡರ್‌ಗೆ ವಾಹಿನಿ. ಇನ್ನು ಊರ ಮಾತು ನೋಡಿ. ಗಡಿಯಿಂದ ಈಚೆ ಡೀಪಿ ಎನ್ನುವುದನ್ನೇ ಆಚೆ ಇಂಡಿ, ಚಡಚಣದಲ್ಲಿ ಟಿಸಿ ಎನ್ನುತ್ತಾರೆ. ಇಲ್ಲಿ ವಾಯರಮನ್, ಅಲ್ಲಿ ಲೈನ್‌ಮನ್. ಇಲ್ಲಿ ಪರಮಿಟ್, ಅಲ್ಲಿ ಎಲ್‌ಸಿ. ಒಂದೇ ತಂತಿ, ಎರಡು ರಾಜ್ಯ.

ಇದು ಪರೀಕ್ಷೆಯ ಅಂಕದ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಪರಮಿಟ್ ಎಂದರೇನು ನೋಡಿ. 11 ಕೆವಿ ಲೈನಿನ ಮೇಲೆ ಕೆಲಸ ಮಾಡುವವನು ಮೊದಲು 33 ಕೆವಿ ಉಪಕೇಂದ್ರದ ಆಪರೇಟರನಿಂದ ಆ ಫೀಡರ್ ಬಂದ್ ಮಾಡಿಸಿಕೊಳ್ಳಬೇಕು. ನಂತರ ಎಬಿ ಸ್ವಿಚ್ ತೆರೆಯಬೇಕು, ಟೆಸ್ಟ್ ಮಾಡಬೇಕು, ಕೆಲಸದ ಜಾಗದ ಎರಡೂ ಬದಿಗೆ ಡಿಸ್ಚಾರ್ಜ್ ರಾಡ್ ಹಾಕಿ ತಂತಿಯನ್ನು ನೆಲಕ್ಕೆ ಕಟ್ಟಬೇಕು. ಕೆಲಸ ಮುಗಿದು, ಎಲ್ಲರೂ ಕೆಳಗಿಳಿದು, ರಾಡ್ ತೆಗೆದ ಮೇಲೆ ಪರಮಿಟ್ ವಾಪಸ್. ಈ ನಡುವೆ ಫೋನಿನಲ್ಲಿ ಆಪರೇಟರ್ 'ಲೈನ್ ಚಾಲೂ ಕರೂ ಕಾ?' ಎಂದು ಕೇಳಿದಾಗ, ಗಾಳಿಯ ಸಪ್ಪಳದಲ್ಲಿ ಅರ್ಧ ಕೇಳಿಸಿಕೊಂಡು 'ಹೋ ಹೋ' ಎಂದುಬಿಟ್ಟರೆ ಮೇಲಿದ್ದವನ ಕಥೆ ಮುಗಿಯಿತು. ಮರಾಠಿ ಚೆನ್ನಾಗಿ ಬಾರದ ಹುಡುಗರಲ್ಲಿ ಅರ್ಥವಾಗದ್ದಕ್ಕೂ 'ಹೋ' ಅನ್ನುವ ರೂಢಿ ಇದೆ. ಬಜಾರದಲ್ಲಿ ಅದು ನಡೆದೀತು, ಕಂಬದ ಮೇಲೆ ನಡೆಯುವುದಿಲ್ಲ.

ಇನ್ನೊಂದು ಅಪಾಯ ಈಚಿನದು. ಫೀಡರ್ ಬಂದ್ ಆದರೂ ತಂತಿ ಸತ್ತಿದೆ ಎಂದು ನಂಬುವಂತಿಲ್ಲ. ಅಂಗಡಿಯ ಜನರೇಟರ್, ಮನೆಯ ಇನ್ವರ್ಟರ್ ಸರಿಯಾಗಿ ಜೋಡಿಸಿರದಿದ್ದರೆ ಅದರ ಕರೆಂಟು ತಿರುಗಿ ಡೀಪಿಗೆ ಬರುತ್ತದೆ. ಡೀಪಿ ಅದನ್ನೇ ಏರಿಸಿ 11 ಕೆವಿ ಮಾಡಿ ಲೈನಿಗೆ ಹಾಕುತ್ತದೆ. ಝೀರೊ ವಾಯರಮನ್‌ಗೆ ಇದನ್ನು ಹೇಳಿಕೊಟ್ಟವರು ಯಾರು? ಡಿಸ್ಚಾರ್ಜ್ ರಾಡ್ ಏಕೆ ಎಂಬುದು ಐಟಿಐ ಪಾಠದಲ್ಲಿದೆ, ಬಿದಿರ ಗಳದ ಪಾಠದಲ್ಲಿ ಇಲ್ಲ.

ಐಟಿಐ ಪುಸ್ತಕಗಳನ್ನು ಹೊರತರುವ ಚೆನ್ನೈನ 'ನಿಮಿ' ಸಂಸ್ಥೆ ಇಂಗ್ಲಿಷ್, ಹಿಂದಿಯ ಜೊತೆಗೆ ಪ್ರಾದೇಶಿಕ ಭಾಷೆಗಳಲ್ಲೂ ಪುಸ್ತಕ ಕೊಡುತ್ತದೆ. ಕನ್ನಡ ಶಾಲೆಯಿಂದ ಬಂದ ಹುಡುಗ ಮೊದಲ ಆರು ತಿಂಗಳು ಕನ್ನಡ, ಮರಾಠಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಆಮೇಲೆ ತೊಡಕಿಲ್ಲ ಎಂಬುದು ಈ ದಾರಿ ದಾಟಿದವರ ಅನುಭವ. ವಿದ್ಯುತ್ ಸಹಾಯಕನ ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಟ್ರೇಡಿನ ವಿಷಯಕ್ಕೆ. ಮರಾಠಿ ಭಾಷೆಗೂ ಅಂಕ ಇವೆ, ಆದರೆ ಕಡಿಮೆ. ಕನ್ನಡ ಹುಡುಗ ಹೆದರಿ ಹಿಂದೆ ಸರಿಯುವಷ್ಟಲ್ಲ.

ಗಡಿ ದಾಟಿದರೆ?

'ನಮ್ಮದು ಕನ್ನಡ, ಕರ್ನಾಟಕದಾಗ ನೌಕರಿ ಸಿಗೂದಿಲ್ಲೇನ್ರಿ?' ಎಂದು ಕೇಳುವ ಪಾಲಕರು ಬಹಳ. ಉಮದಿಯ ಮಂದಿಗೆ ವಿಜಯಪುರ ಹತ್ತಿರ, ಜಿಲ್ಲಾ ಕೇಂದ್ರ ಸಾಂಗಲಿ ನೂರು ಕಿ.ಮೀ.ಗೂ ಆಚೆ. ದವಾಖಾನೆಗೆ, ಬಟ್ಟೆ ಖರೀದಿಗೆ ಅಲ್ಲಿಗೇ ಹೋಗುವವರು ನೌಕರಿಗೂ ಆ ಕಡೆ ನೋಡುವುದು ಸಹಜ.

ಕರ್ನಾಟಕದ ಪದ್ಧತಿ ಬೇರೆ. 2024ರ ಅಕ್ಟೋಬರದಲ್ಲಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಿಗೆ ಕಿರಿಯ ಪವರ್‌ಮ್ಯಾನ್, ಕಿರಿಯ ಸ್ಟೇಷನ್ ಪರಿಚಾರಕ ಸೇರಿ 2,975 ಹುದ್ದೆಗಳ ಅಧಿಸೂಚನೆ ಬಂತು. ಅಲ್ಲಿ ಐಟಿಐ ಬೇಕಿಲ್ಲ. ಹತ್ತನೆಯ ತರಗತಿಯ ಅಂಕ, ಅದರ ಜೊತೆ ದೇಹದಾರ್ಢ್ಯ ಪರೀಕ್ಷೆ. ಎಂಟು ಮೀಟರ್ ಕಂಬ ಹತ್ತುವುದು ಕಡ್ಡಾಯ. ಓಟ, ಸ್ಕಿಪ್ಪಿಂಗ್, ಗುಂಡು ಎಸೆತವೂ ಇವೆ. ಕಂಬದ ಮಟ್ಟಿಗೆ ನಮ್ಮ ಝೀರೊ ವಾಯರಮನ್ ಯಾರಿಗೂ ಕಡಿಮೆಯಲ್ಲ. ಅಡ್ಡ ಬರುವುದು ಅಂಕ. ಹತ್ತನೆಯ ತರಗತಿಯ ಅಂಕವೇ ಆಯ್ಕೆಯ ಅಳತೆ ಎಂದಾಗ ಮೇಲಿನ ಅಂಕದವರೇ ಮುಂದಿರುತ್ತಾರೆ.

ಎರಡನೆಯ ಅಡ್ಡಿ ಹೆಚ್ಚು ಗಟ್ಟಿಯಾದದ್ದು. ಮಹಾರಾಷ್ಟ್ರದಲ್ಲಿ ಪಡೆದ ಜಾತಿ ಪ್ರಮಾಣಪತ್ರದ ಮೇಲೆ ಕರ್ನಾಟಕದ ನೌಕರಿಯಲ್ಲಿ ಮೀಸಲಾತಿ ಕೇಳಲು ಬರುವುದಿಲ್ಲ. ಒಂದು ರಾಜ್ಯದ ಪರಿಶಿಷ್ಟ ಜಾತಿ, ಪಂಗಡದವರಿಗೆ ಇನ್ನೊಂದು ರಾಜ್ಯದ ನೌಕರಿಯಲ್ಲಿ ಆ ಲಾಭವಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮತ್ತೊಮ್ಮೆ ಎತ್ತಿ ಹಿಡಿದಿದೆ. ಹಾಗಾಗಿ ಜತ್ತದ ಹುಡುಗ ಇಲ್ಲಿ ಯಾವ ವರ್ಗದವನೇ ಇರಲಿ, ಅಲ್ಲಿ ಸಾಮಾನ್ಯ ವರ್ಗದ ಸಾಲಿನಲ್ಲೇ ನಿಲ್ಲಬೇಕು. ಮಹಾರಾಷ್ಟ್ರ ಬೋರ್ಡಿನ ಪ್ರಮಾಣಪತ್ರ ಆಯಾ ಅಧಿಸೂಚನೆಗೆ ಹೊಂದುತ್ತದೆಯೇ ಎಂಬುದನ್ನು ಅರ್ಜಿಗೆ ಮೊದಲೇ ಓದಿಕೊಳ್ಳಬೇಕು. ಯಾರೋ ಹೇಳಿದರೆಂದು ಶುಲ್ಕ ತುಂಬಿ ಕೈಸುಟ್ಟುಕೊಳ್ಳಬಾರದು.

ರೂಪಾಯಿ ಲೆಕ್ಕವನ್ನೂ ನೋಡಿಬಿಡೋಣ. 2023ರ ಜಾಹೀರಾತಿನಂತೆ ವಿದ್ಯುತ್ ಸಹಾಯಕನಿಗೆ ಮೊದಲ ಮೂರು ವರ್ಷ ಗೊತ್ತುಪಡಿಸಿದ ಮಾನಧನ: ತಿಂಗಳಿಗೆ 15,000, 16,000, 17,000 ರೂ. ಮೂರು ವರ್ಷಕ್ಕೆ 5 ಲಕ್ಷ 76 ಸಾವಿರ. ಕರ್ನಾಟಕದ 2024ರ ಅಧಿಸೂಚನೆಯಂತೆ 17,000, 19,000, 21,000 ರೂ., ಒಟ್ಟು 6 ಲಕ್ಷ 84 ಸಾವಿರ. ಅಂತರ 1 ಲಕ್ಷ 8 ಸಾವಿರ. ದೊಡ್ಡದೇ. ಆದರೆ ಎರಡೂ ಕಡೆ ಆಮೇಲೆ ಕಾಯಂ ಪಗಾರ ಶ್ರೇಣಿ ಇದೆ, ಮತ್ತು ಮನೆಯಲ್ಲೇ ಉಂಡು ನೌಕರಿಗೆ ಹೋಗುವವನಿಗೆ ಬಾಡಿಗೆ ಮನೆ ಮಾಡುವವನ ಖರ್ಚಿಲ್ಲ. ಈ ಲೆಕ್ಕದಲ್ಲಿ ಜತ್ತದ ಹುಡುಗನಿಗೆ ಹತ್ತಿರದ ಬಾಗಿಲು ಮಹಾರಾಷ್ಟ್ರದ್ದೇ. ಕನ್ನಡಾಭಿಮಾನ ಬೇರೆ, ಅರ್ಜಿ ಬೇರೆ.

ಕಾಯುವ ವರ್ಷಗಳು

2019ರ ನಂತರದ ಜಾಹೀರಾತು 2023ಕ್ಕೆ ಬಂತು ಎಂಬುದನ್ನು ಮತ್ತೆ ನೆನಪಿಡಬೇಕು. ಹದಿನಾರಕ್ಕೆ ಹತ್ತನೆಯ ತರಗತಿ, ಹದಿನೆಂಟಕ್ಕೆ ಐಟಿಐ, ಅದರ ಮೇಲೆ ಒಂದು ವರ್ಷ ಅಪ್ರೆಂಟಿಸ್. ಹತ್ತೊಂಬತ್ತಕ್ಕೆ ಹುಡುಗ ತಯಾರು. ಆಮೇಲೆ ಜಾಹೀರಾತು ಬರುವವರೆಗೆ ಎರಡು ವರ್ಷವೋ ನಾಲ್ಕು ವರ್ಷವೋ. ಜಾಹೀರಾತು ಬಂದ ಮೇಲೂ ಪರೀಕ್ಷೆ, ಪಟ್ಟಿ, ಕಾಗದಪತ್ರ ಪರಿಶೀಲನೆ ಎಂದು ಕಾಲ ಹೋಗುತ್ತದೆ. ಇಪ್ಪತ್ತೇಳರ ಮಿತಿಯೊಳಗೆ ಸಿಗುವುದು ಎರಡು ಅವಕಾಶ, ಅದೃಷ್ಟವಿದ್ದರೆ ಮೂರು.

ಝೀರೊ ವಾಯರಮನ್‌ಗಳು ಹುಟ್ಟುವುದೇ ಈ ಕಾಯುವ ವರ್ಷಗಳಲ್ಲಿ. ಐಟಿಐ ಓದದ ಹುಡುಗರು ಮಾತ್ರ ಆ ಕೆಲಸ ಮಾಡುತ್ತಾರೆಂಬುದು ತಪ್ಪು ತಿಳಿವಳಿಕೆ. ಐಟಿಐ ಮುಗಿಸಿ ಖಾಲಿ ಕುಳಿತವನೂ ಊರವರ ಒತ್ತಾಯಕ್ಕೆ ಕಂಬ ಹತ್ತುತ್ತಾನೆ. 'ಕಲ್ತ ಹುಡುಗ ಅದಾನ, ಇವನ್ನ ಕರೀರಿ' ಎನ್ನುತ್ತಾರೆ. ಮನೆಯಲ್ಲಿ ಅಪ್ಪ-ಅವ್ವ ದೀಪಾವಳಿ ಮುಂದೆ ಕಬ್ಬು ಕಡಿಯುವ ಟೋಳಿಯ ಜೊತೆ ಹೋದರೆ ಬೇಸಿಗೆಗೇ ತಿರುಗಿ ಬರುವುದು. ಹಿರಿಯ ಮಗ ಊರಲ್ಲಿ ಅಜ್ಜಿಯನ್ನೂ ದನವನ್ನೂ ನೋಡಿಕೊಂಡು ಇರಬೇಕು. ಅಂಥವನಿಗೆ ಪುಣೆಯ ಕಾರ್ಖಾನೆಯೂ ದೂರ, ಸಾಂಗಲಿಯ ಅಪ್ರೆಂಟಿಸ್ ಜಾಗವೂ ದೂರ. ಕೈಗೆ ಹತ್ತಿರ ಇರುವುದು ಊರ ಡೀಪಿ ಒಂದೇ.

ಕಾಯುವ ಕಾಲವನ್ನು ಹಾಳು ಮಾಡದ ಕೆಲವು ದಾರಿಗಳಿವೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ನೋಂದಣಿ ಮಾಡಿಸಿ ಕಂಪನಿಯ ವಿಭಾಗ ಕಚೇರಿಯಲ್ಲೇ ಒಂದು ವರ್ಷ ಕಲಿಯುವುದು ಎಲ್ಲಕ್ಕಿಂತ ಮೊದಲು. ಶಿಷ್ಯವೇತನ ಹೆಚ್ಚಲ್ಲ, ಆದರೆ ಲೈನ್ ಕೆಲಸವನ್ನು ಪರಮಿಟ್ ಸಮೇತ ಕಲಿಯುವ ಜಾಗ ಅದೇ. ಸರಕಾರಿ ಪರವಾನಗಿ ಇರುವ ಗುತ್ತಿಗೆದಾರನ ಕೈಕೆಳಗೆ ಹಾಜರಿ, ಪಿಎಫ್ ಇರುವ ಕೆಲಸ ಸಿಕ್ಕರೂ ಸರಿ. ವಾಯರಮನ್ ಪರವಾನಗಿ ಮಾಡಿಸಿಕೊಂಡರೆ ಮನೆ, ತೋಟದ ಕೆಲಸ ಸ್ವಂತಕ್ಕೆ ಹಿಡಿಯಬಹುದು.

ಸೋಲಾರ್ ಮಾತೂ ಬಂದಿದೆ. ಹೊಸ ಕೃಷಿ ಪಂಪಿಗೆ ತಂತಿ ಎಳೆಯುವ ಬದಲು ಸೋಲಾರ್ ಪಂಪ್ ಕೊಡುವ ಕಡೆ ಮಹಾರಾಷ್ಟ್ರ ಸರಕಾರ ವಾಲಿದೆ, ಕೃಷಿ ಫೀಡರ್‌ಗಳನ್ನೇ ಸೌರಶಕ್ತಿಯಲ್ಲಿ ನಡೆಸುವ ಯೋಜನೆಯ ಎರಡನೆಯ ಹಂತ 2023ರಲ್ಲಿ ಶುರುವಾಯಿತು. ಹಾಗಾದರೆ ವಾಯರಮನ್ ಕೆಲಸವೇ ಮುಗಿಯಿತೇ ಎಂದು ಕೇಳುವವರಿದ್ದಾರೆ. ಹೊಸ ಲೈನ್ ಕಡಿಮೆಯಾದೀತು. ಇದ್ದ ಲೈನ್ ಹಳೆಯದಾಗುತ್ತಲೇ ಇರುತ್ತದೆ. ಗಾಳಿ, ಗಿಡದ ಟೊಂಗೆ, ಆಕಡಾ ಹಾಕುವವರು ಯಾರೂ ಕಡಿಮೆಯಾಗಿಲ್ಲ. ಸೋಲಾರ್ ಫಲಕಗಳ ಕರೆಂಟೂ ಉಪಕೇಂದ್ರಕ್ಕೆ ಬರಬೇಕಾದದ್ದು ತಂತಿಯ ಮೇಲೆಯೇ.

ತಲೆಯ ಮೇಲೆ ಹೋದ ತಂತಿ

ಈ ಭಾಗದ ವಿಚಿತ್ರ ನೋಡಿ. ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳ ನಡುವೆ 1,320 ಮೆಗಾವ್ಯಾಟ್‌ನ ಎನ್‌ಟಿಪಿಸಿ ಸ್ಥಾವರ ನಿಂತಿದೆ. ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ಉಳಿದ ದೇಶದ ಜಾಲಕ್ಕೆ ಜೋಡಿಸಿದ 765 ಕೆವಿ ರಾಯಚೂರು-ಸೊಲ್ಲಾಪುರ ಲೈನ್ 2013ರ ಡಿಸೆಂಬರ್ 31ರಂದು ಚಾಲೂ ಆಯಿತು. ಅದು ಹಾದುಹೋದದ್ದು ಈ ಗಡಿನಾಡಿನ ಹೊಲಗಳ ಮೇಲೆ. ಇಂಥ ದೊಡ್ಡ ಟವರ್ ಎಬ್ಬಿಸಲು ಬಂಗಾಳ, ಝಾರ್ಖಂಡದ ಗ್ಯಾಂಗುಗಳು ಬರುತ್ತವೆ. ಊರ ಹುಡುಗರು ಬದುವಿನ ಮೇಲೆ ನಿಂತು ನೋಡುತ್ತಾರೆ.

ಗಡಿ ಎಂದ ಕೂಡಲೇ ನಾಯಕರಿಗೆ ನೆನಪಾಗುವುದು 1967ರ ಮಹಾಜನ ವರದಿ. 2022ರ ನವೆಂಬರದಲ್ಲಿ ಎದ್ದ ಜತ್ತದ ನಲವತ್ತು ಹಳ್ಳಿಗಳ ಮಾತು ಎರಡೂ ವಿಧಾನಸಭೆಗಳ ತನಕ ಹೋಯಿತು. ಅದೇ ವೇಳೆ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಅನುದಾನದ ಮಾತಾಡಿದರು. ಶಾಲೆಗೆ ಬಣ್ಣ, ಗ್ರಂಥಾಲಯಕ್ಕೆ ಪುಸ್ತಕ ಬೇಡವೆಂದು ಯಾರೂ ಹೇಳುವುದಿಲ್ಲ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಒಂದು ಸಮ್ಮೇಳನದ ಖರ್ಚಿನಲ್ಲಿ ಕನ್ನಡ-ಮರಾಠಿ ವಿದ್ಯುತ್ ಕೆಲಸದ ಶಬ್ದಗಳ ಸಣ್ಣ ಪುಸ್ತಕ ಅಚ್ಚು ಹಾಕಿಸಿ ಐಟಿಐ ಸೇರುವ ಕನ್ನಡ ಮಕ್ಕಳಿಗೆ ಹಂಚಬಹುದು. ಹತ್ತನೆಯ ಪರೀಕ್ಷೆ ಮುಗಿದ ಮೇಲಿನ ಎರಡು ತಿಂಗಳ ರಜೆಯಲ್ಲಿ ಕನ್ನಡ ಶಾಲೆಗಳಲ್ಲೇ ಐಟಿಐ ಅರ್ಜಿ ತುಂಬಿಸುವ ವ್ಯವಸ್ಥೆಯಾಗಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ಹೆಣ್ಣುಮಕ್ಕಳ ವಿಷಯವನ್ನೂ ಬಿಡುವಂತಿಲ್ಲ. ಮಹಾವಿತರಣದಲ್ಲಿ ಕಂಬ ಹತ್ತುವ ಮಹಿಳಾ ತಂತ್ರಜ್ಞರಿದ್ದಾರೆ, ಅವರಿಗೆ ಮೀಸಲು ಹುದ್ದೆಗಳೂ ಇವೆ. ನಮ್ಮ ಕಡೆ ಹೆಣ್ಣುಮಗಳನ್ನು ಇಲೆಕ್ಟ್ರಿಶಿಯನ್ ಟ್ರೇಡಿಗೆ ಹಾಕಲು ಇನ್ನೂ ಹಿಂದೆಮುಂದೆ ನೋಡುತ್ತಾರೆ. 'ಕಂಬ ಹತ್ತೂದು ಹೆಣ್ಣುಮಕ್ಕಳ ಕೆಲಸ ಏನ್ರಿ?' ಎನ್ನುವವರ ಮನೆಯ ಹೆಣ್ಣುಮಕ್ಕಳು ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಟ್ರಕ್ಕಿಗೆ ಹಚ್ಚಿದ ಹಲಗೆ ಹತ್ತುತ್ತಾರೆ.

ಐಟಿಐ ಅರ್ಜಿ ಹತ್ತನೆಯ ತರಗತಿಯ ಫಲಿತಾಂಶದ ಬೆನ್ನಲ್ಲೇ ಶುರುವಾಗುತ್ತದೆ. ವಾಸ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಬೇಕಾದವರಿಗೆ ನಾನ್-ಕ್ರೀಮಿ ಲೇಯರ್ ಇವನ್ನು ಫಲಿತಾಂಶ ಬರುವ ಮೊದಲೇ ಮಾಡಿಸಿ ಇಟ್ಟುಕೊಂಡರೆ ಮೊದಲ ಸುತ್ತು ತಪ್ಪುವುದಿಲ್ಲ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಹೆಸರು ಬಿದ್ದಿರುವುದು ಈ ಭಾಗದಲ್ಲಿ ಸಾಮಾನ್ಯ. ಅಡ್ಡಹೆಸರು ಮೊದಲೋ, ತಂದೆಯ ಹೆಸರು ಮೊದಲೋ ಎಂಬ ಗೊಂದಲ ಬೇರೆ. ಅದನ್ನು ತಿದ್ದಿಸಲು ತಿಂಗಳು ಹಿಡಿಯುತ್ತದೆ. ಕಬ್ಬಿನ ಟೋಳಿ ಊರಿಗೆ ಮರಳುವುದು ಬೇಸಿಗೆಯಲ್ಲಿ, ಅಷ್ಟು ಹೊತ್ತಿಗೆ ತಂದೆಯ ಸಹಿಗಾಗಿ ಕಾದ ಕಾಗದಗಳು ಹಾಗೇ ಇರುತ್ತವೆ.